ಹೊಟ್ಟೆ ಕೆಟ್ಟ ಹುಡುಗನಿಗೂ ಸಂಬಳ: ಹಡಗಿನ ಕ್ರಮ ಮದುವೆ ಅಡುಗೆಗೆ ತಂದ ನನ್ನ ಅನುಭವ

ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ವಾಂತಿ-ಭೇದಿ ಹರಡದಂತೆ ಪಾಲಿಸುವ ಶುಚಿತ್ವದ ಕ್ರಮ ಮದುವೆ ಅಡುಗೆಗೆ ಆಗಿಬರುವುದಿಲ್ಲ ಅಂತ ನನಗೆ ಹೇಳದವರಿಲ್ಲ. ಉಡುಪಿಯಲ್ಲಿ ಕೇಟರಿಂಗ್ ಶುರು ಮಾಡಿದಾಗ ಹಿರಿಯ ಅಡುಗೆಯವರು, "ಇದು ಅಮೆರಿಕದ ಹಡಗಲ್ಲ ಮಾರಾಯ, ಇಲ್ಲಿ ಎರಡು ಗಂಟೆಯೊಳಗೆ ಸಾವಿರ ಎಲೆ ಏಳಬೇಕು" ಅಂದಿದ್ದರು. ಈಗ ಕೆಲವು ಸೀಸನ್ ಕಳೆದಿವೆ. ನಮ್ಮ ಊಟದಿಂದ ವಾಂತಿ-ಭೇದಿ ಆಯಿತು ಅಂತ ಒಂದು ಫೋನೂ ಬಂದಿಲ್ಲ. ಹಾಗೆ ಹೇಳಿದವರಲ್ಲೇ ಇಬ್ಬರು ಈಗ ಬಂದು ಲೆಕ್ಕ ಕೇಳಿಕೊಂಡು ಹೋಗಿದ್ದಾರೆ.

ಹಡಗಿನ ಗ್ಯಾಲಿಯಲ್ಲಿ, ಅಂದರೆ ಅಡುಗೆಮನೆಯಲ್ಲಿ, ದುಡಿದವರು ನಮ್ಮ ಕರಾವಳಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಯುಎಸ್‌ಪಿಎಚ್ (ಹಡಗಿನ ಶುಚಿತ್ವದ ಅಮೆರಿಕದ ತಪಾಸಣೆ) ಅಂದರೆ ಅವರಿಗೆ ಬೇರೆ ವಿವರಣೆ ಬೇಡ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವರು ಮುಂಚೆ ಹೇಳದೆ ಹಡಗು ಹತ್ತುತ್ತಾರೆ. ನೂರಕ್ಕೆ 86 ಬಂದರೆ ಪಾಸ್, 85 ಬಂದರೆ ಫೇಲ್. ಪ್ರಯಾಣಿಕರಲ್ಲೋ ಸಿಬ್ಬಂದಿಯಲ್ಲೋ ನೂರಕ್ಕೆ ಮೂರು ಜನರ ಹೊಟ್ಟೆ ಕೆಟ್ಟರೆ ಹಡಗಿನ ಹೆಸರು ಊರಿಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ವಾಂತಿ-ಭೇದಿ ತರುವ ನೊರೊವೈರಸ್ ಅಂದರೆ ಹಡಗಿನ ಕಾಯಿಲೆ ಅಂತ ಜನ ತಿಳಿದಿದ್ದಾರೆ. ಆದರೆ ಸಿಡಿಸಿಯ ಲೆಕ್ಕದಲ್ಲೇ, ವರದಿಯಾದ ನೊರೊ ಹಾವಳಿಗಳಲ್ಲಿ ಹಡಗಿನ ಪಾಲು ನೂರಕ್ಕೆ ಒಂದರಷ್ಟು. ಹಡಗಿನಲ್ಲಿ ಲೆಕ್ಕ ಇಡುತ್ತಾರೆ, ಕಲ್ಯಾಣ ಮಂಟಪದಲ್ಲಿ ಯಾರೂ ಇಡುವುದಿಲ್ಲ.

ಮೊದಲು ದುಡ್ಡು ಹೋದದ್ದು ಸ್ಯಾನಿಟೈಸರ್‌ಗೆ. ಕೊರೊನಾ ಆದ ಮೇಲೆ ಹಾಲ್‌ನವರೆಲ್ಲ ಅದನ್ನೇ ಕೇಳುತ್ತಿದ್ದರು. ಸ್ಟ್ಯಾಂಡು, ಕ್ಯಾನು ಎಲ್ಲ ಸೇರಿ ಹದಿನೈದು ಇಪ್ಪತ್ತು ಸಾವಿರ ಆಗಿರಬೇಕು. ಆದರೆ ನೊರೊವೈರಸ್ ಆಲ್ಕೋಹಾಲ್‌ಗೆ ಸುಲಭವಾಗಿ ಬಗ್ಗುವುದಲ್ಲ. ಸೋಪು ಹಾಕಿ ಇಪ್ಪತ್ತು ಸೆಕೆಂಡ್ ಉಜ್ಜಿ ನೀರಲ್ಲಿ ತೊಳೆದರೇ ಹೋಗುವುದು. ಆ ಸ್ಟ್ಯಾಂಡ್‌ಗಳ ಮೇಲೆ ಈಗ ಲಿಕ್ವಿಡ್ ಸೋಪ್ ಇಟ್ಟಿದ್ದೇನೆ.

ಆಮೇಲೆ ಕ್ಲೋರಿನ್. ಹಡಗಿನ ಹದದಲ್ಲಿ, ಅಂದರೆ 1000 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಸಾವಿರ ಪಾಲು ಕ್ಲೋರಿನ್), ಎಲ್ಲ ಕಡೆ ಒರೆಸಿದೆವು. ಶೇಕಡಾ 5ರ ಹೈಪೋ (ಕ್ಲೋರಿನ್ ಬ್ಲೀಚ್ ದ್ರಾವಣ) ಆದರೆ ಹತ್ತು ಲೀಟರ್ ಬಕೆಟ್‌ಗೆ 200 ಎಂಎಲ್. ಅಲ್ಯೂಮಿನಿಯಂ ಪಾತ್ರೆ ಕಪ್ಪಾಯಿತು, ಹುಡುಗರ ಕೈ ಸುಲಿಯಿತು. ಒಂದು ಮದುವೆಯಲ್ಲಿ ವಾಸನೆ ಅಂತ ಗಲಾಟೆ ಮಾಡಿ ಬಿಲ್ಲಿನಲ್ಲಿ ಐದಾರು ಸಾವಿರ ಹಿಡಿದರು. ಮಾರ್ಚ್ ಸೆಕೆಗೆ ಕ್ಯಾನಿನಲ್ಲಿದ್ದ ಹೈಪೋ ಶಕ್ತಿಯೂ ಇಳಿಯುತ್ತದೆ. ಟೆಸ್ಟ್ ಸ್ಟ್ರಿಪ್ ಅದ್ದಿ ನೋಡದೆ ಅದನ್ನು ನಂಬಬೇಡಿ. ಈಗ ನಲ್ಲಿ, ಬಾಗಿಲ ಹಿಡಿ, ಟಾಯ್ಲೆಟ್ ಚಿಲಕ, ಸ್ವಿಚ್, ಕುರ್ಚಿಯ ಬೆನ್ನು ಇಷ್ಟಕ್ಕೇ ಸ್ಟ್ರಾಂಗ್ ಕ್ಲೋರಿನ್. ಅದೂ ಮೊದಲು ಸೋಪಿನಲ್ಲಿ ಒರೆಸಿ, ಆಮೇಲೆ. ಜಿಡ್ಡಿನ ಮೇಲೆ ಸುರಿದರೆ ಸುಮ್ನೆ ವೇಸ್ಟು. ವಾಸನೆ ಹೋಗಿಸಲು ನನ್ನದೊಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ.

ಇದಿಷ್ಟು ಮಾಡಿಯೂ ಬಡಿಸುವ ಹುಡುಗರಲ್ಲಿ ಒಬ್ಬನಿಂದ ಒಬ್ಬನಿಗೆ ದಾಟುವುದು ನಿಲ್ಲಲಿಲ್ಲ. ಯಾಕೆ? ಹುಷಾರಿಲ್ಲದವನು ಹೇಳುತ್ತಲೇ ಇರಲಿಲ್ಲ. ಹೇಳಿದರೆ ಆ ದಿನದ ಎಂಟುನೂರು ರೂಪಾಯಿ ಹೋಯಿತಲ್ಲ! ಗುಳಿಗೆ ನುಂಗಿ ಬಂದು ಕೋಸಂಬರಿ ಬಡಿಸುತ್ತಿದ್ದ. ಹಡಗಿನಲ್ಲಿ ಊಟ ಮುಟ್ಟುವವನಿಗೆ ವಾಂತಿ-ಭೇದಿ ಆದರೆ ಕ್ಯಾಬಿನ್‌ನಲ್ಲೇ ಇರಿಸುತ್ತಾರೆ. ಎಲ್ಲ ನಿಂತು 48 ಗಂಟೆ ಆಗುವ ತನಕ ಗ್ಯಾಲಿಗೆ ಬಿಡುವುದಿಲ್ಲ. ನಾನೂ ಅದನ್ನೇ ತಂದೆ, ಪೂರ್ತಿ ಸಂಬಳ ಕೊಟ್ಟು.

ಪಾಲುದಾರ ಕೂಗಾಡಿದ. "ಕ್ರಿಕೆಟ್ ಇದ್ದ ದಿನ ಎಲ್ಲರಿಗೂ ಭೇದಿ ಆಗ್ತದೆ ನೋಡು" ಅಂದ. ಮೊದಲ ಸೀಸನ್‌ನಲ್ಲಿ ನಲವತ್ತು ಸಾವಿರದ ಹತ್ತಿರ ಹೋಯಿತು. ಒಂದಿಬ್ಬರು ಸುಳ್ಳು ಹೇಳಿದ್ದೂ ಹೌದು. ಸುಳ್ಳು ಯಾವುದು, ನಿಜ ಯಾವುದು ಅಂತ ತಿಳಿಯುವ ದಾರಿ ಕಂಡುಕೊಂಡಿದ್ದೇನೆ. ಹುಡುಗರೂ ಇದನ್ನು ಓದಬಹುದು, ಹಾಗಾಗಿ ಬರೆಯುವುದಿಲ್ಲ. ಎರಡನೇ ಸೀಸನ್‌ಗೆ ಆ ಖರ್ಚು ಅರ್ಧಕ್ಕಿಂತ ಕೆಳಗೆ ಬಂತು. ಒಬ್ಬ ಬೇಗ ಹೇಳಿದರೆ ಉಳಿದ ನಾಲ್ವರು ಮಲಗುವುದಿಲ್ಲ, ಅಲ್ವಾ? ಎರಡೂವರೆ ಲಕ್ಷದ ಒಂದು ಆರ್ಡರ್ ಕೆಟ್ಟರೆ ಎಷ್ಟು ಹೋಗುತ್ತದೆ ಅಂತ ಪಾಲುದಾರನೇ ಈಗ ಬೇರೆಯವರಿಗೆ ಹೇಳುತ್ತಾನೆ. ಗುಣವಾದ ಮೇಲೂ ಎರಡು ವಾರ, ಇನ್ನೂ ಹೆಚ್ಚೂ, ಮಲದಲ್ಲಿ ವೈರಸ್ ಹೋಗುತ್ತಿರುತ್ತದೆ. ಅಂಥವನನ್ನು ಸ್ವಲ್ಪ ದಿನ ಲೋಡಿಂಗ್‌ಗೆ, ಕುರ್ಚಿ ಹಾಕುವುದಕ್ಕೆ ಕಳಿಸುತ್ತೇನೆ. ಹಸಿ ತರಕಾರಿ, ಚಟ್ನಿ ಕಡೆ ಬರುವಂತಿಲ್ಲ.

ಬಫೆ ಇನ್ನೊಂದು ತಲೆನೋವು. ಹಡಗಿನಲ್ಲಿ ಕೇಸ್ ಏರಿದ ಕೂಡಲೇ ಪ್ರಯಾಣಿಕರ ಕೈಗೆ ಸೌಟು ಕೊಡುವುದಿಲ್ಲ, ಸಿಬ್ಬಂದಿಯೇ ಬಡಿಸುತ್ತಾರೆ. ನಾನು ಯಾವಾಗಲೂ ಹಾಗೇ ಮಾಡುತ್ತೇನೆ. ನಾಲ್ಕು ಜನ ಜಾಸ್ತಿ, ಮೂರು ಮೂರೂವರೆ ಸಾವಿರ ಖರ್ಚು. ಪಂಕ್ತಿ ಊಟಕ್ಕೆ ಆ ಖರ್ಚೂ ಇಲ್ಲ, ಎಷ್ಟೇ ಜನ ಕೂತರೂ ಸೌಟು ನಮ್ಮ ಕೈಯಲ್ಲೇ.

ಯಾರಾದರೂ ಹಾಲ್‌ನಲ್ಲೇ ವಾಂತಿ ಮಾಡಿದರೆ ಹತ್ತಿರ ಕೂತವರನ್ನು ಮೊದಲು ಎಬ್ಬಿಸಬೇಕು. ಗ್ಲೌಸ್, ಮಾಸ್ಕ್ ಹಾಕಿ ಪೇಪರ್‌ನಲ್ಲಿ ತೆಗೆದು, ಅದೇ ಹೈಪೋ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸಿ ಹತ್ತು ನಿಮಿಷ ಬಿಡುತ್ತೇವೆ. ಆ ಮಾಪ್ ಅಡುಗೆಮನೆ ಕಡೆ ಬರಬಾರದು. ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಜೊತೆ ಮಾತ್ರ ಕ್ಲೋರಿನ್ ಸೇರಿಸಲೇಬೇಡಿ, ವಿಷದ ಗಾಳಿ ಏಳುತ್ತದೆ.

ನಡುವೆ ಒಂದು ಪ್ರಯೋಗ ಮಾಡಿದೆ. ತೆಂಗಿನೆಣ್ಣೆಯಲ್ಲಿ ಅರಿಶಿನ ಕಲಸಿ ಹುಡುಗರ ಕೈಗೆ ಹಚ್ಚಿ, ತೊಳೆದು ಬನ್ನಿ ಅಂದೆ. ನೋಟು ನೋಡುವ ನೇರಳೆ ಲೈಟಿನ ಕೆಳಗೆ ಹಿಡಿದರೆ ಹೆಬ್ಬೆರಳ ಬುಡ, ಉಗುರಿನ ಸುತ್ತ ಹಳದಿ ಹೊಳೆಯುತ್ತಿತ್ತು. ಎಷ್ಟು ಭಾಷಣ ಮಾಡಿದರೂ ಕಲಿಯದ್ದನ್ನು ಅವತ್ತು ಕಲಿತರು. ಮರುವಾಯಿ (ಚಿಪ್ಪುಮೀನು) ಸುಕ್ಕದ್ದೂ ಒಂದು ಮಾತು. ಚಿಪ್ಪು ಬಾಯಿ ತೆರೆದ ಕೂಡಲೇ ಇಳಿಸಬೇಡಿ. ಈ ವೈರಸ್ 60 ಡಿಗ್ರಿ ದಾಟಿದರೂ ಬದುಕಬಲ್ಲದು, ಚೆನ್ನಾಗಿ ಕುದಿಯಲಿ.

ದೂರು ಬಂದರೆ ಗಂಟೆ ಕೇಳಿ. ಊಟವಾಗಿ ಎರಡು ಮೂರು ಗಂಟೆಯಲ್ಲೇ ತುಂಬಾ ಜನ ವಾಂತಿ ಮಾಡಿದರೆ ಹೆಚ್ಚಾಗಿ ಆಹಾರ ಹಳಸಿ ವಿಷವಾದದ್ದು. ನೊರೊ ಆದರೆ 12ರಿಂದ 48 ಗಂಟೆ ಹಿಡಿಯುತ್ತದೆ.

ದೇವಸ್ಥಾನದ ಬ್ರಹ್ಮಕಲಶ ಉತ್ಸವದ ಅಡುಗೆಗೆ ಮಾತ್ರ ನನ್ನ ಕ್ರಮ ಇನ್ನೂ ಕೂತಿಲ್ಲ. ಹಿಂದಿನ ರಾತ್ರಿ ತರಕಾರಿ ಹೆಚ್ಚಲು ಬರುವವರು ಸ್ವಯಂಸೇವಕರು, ಸಂಬಳ ಕೊಟ್ಟು ಮನೆಯಲ್ಲಿರಿಸಲು ಆಗುವುದಿಲ್ಲ. ಸದ್ಯಕ್ಕೆ ಬೇಯಿಸುವ ತರಕಾರಿ ಮಾತ್ರ ಅವರಿಗೆ ಕೊಟ್ಟು, ಕೋಸಂಬರಿಯ ಸೌತೆ, ಕ್ಯಾರೆಟ್ ನಮ್ಮ ಹುಡುಗರಿಂದಲೇ ಹೆಚ್ಚಿಸುತ್ತಿದ್ದೇನೆ.