ಪಿನ್ ಸುಡೋದು ಕರೆಂಟಿನಿಂದ: ಪಂಪ್ ಕಂಟ್ರೋಲರ್ ಕಟ್ಟಿದ ನನ್ನ ಅನುಭವ

ನಮ್ಮ ಅಡಿಕೆ ತೋಟದ ಬೋರ್‌ವೆಲ್ ಪಂಪಿಗೆ ನಾನೇ ಒಂದು ಕಂಟ್ರೋಲರ್ ಕಟ್ಟಿದ್ದೇನೆ. ತ್ರೀ ಫೇಸ್ ಬಂದಾಗ ಮೋಟಾರ್ ಆನ್ ಆಗಬೇಕು, ಗುಡ್ಡದ ಮೇಲಿನ ಟ್ಯಾಂಕ್ ತುಂಬಿದಾಗ ಆಫ್ ಆಗಬೇಕು, ಬೋರ್‌ನಲ್ಲಿ ನೀರು ನಿಂತರೂ ಆಫ್ ಆಗಬೇಕು. ಒಳಗಿರುವುದು ಎಟಿಮೆಗಾ328ಪಿ, ಅಂದರೆ ಆರ್ಡುಯಿನೋ ಊನೋ ಬೋರ್ಡಿನಲ್ಲಿರುವ ಅದೇ ಮೈಕ್ರೋಕಂಟ್ರೋಲರ್ ಚಿಪ್. ಕೋಡ್ ಬರೆಯುವುದು ದೊಡ್ಡ ವಿಷಯವಲ್ಲ. ಸಮಯ ತಿಂದದ್ದೆಲ್ಲಾ ಇನ್‌ಪುಟ್ ಪಿನ್‌ಗಳು, ಅಂದರೆ ಹೊರಗಿನ ಸಿಗ್ನಲ್ ಚಿಪ್ಪಿನೊಳಗೆ ಬರುವ ಕಾಲುಗಳು.

ಮೇಜಿನ ಮೇಲೆ ಗೇಣುದ್ದದ ವೈರ್ ಹಾಕಿದರೆ ಎಲ್ಲವೂ ನಡೆಯುತ್ತೆ. ತೋಟದಲ್ಲಿ ಹಾಗಲ್ಲ. ಟ್ಯಾಂಕಿನ ಫ್ಲೋಟ್ ಸ್ವಿಚ್‌ನಿಂದ ಪಂಪ್ ಮನೆಗೆ ಸುಮಾರು 200 ಮೀಟರ್ ವೈರ್ ಬರುತ್ತದೆ. ಸ್ವಲ್ಪ ದೂರ ಅದು ಮೋಟಾರ್ ಕೇಬಲ್ ಪಕ್ಕದಲ್ಲೇ ಓಡುತ್ತದೆ. ಸ್ಟಾರ್ಟರ್‌ನ ಕಾಂಟ್ಯಾಕ್ಟರ್ (ಮೋಟಾರ್ ಆನ್ ಆಫ್ ಮಾಡುವ ದೊಡ್ಡ ಸ್ವಿಚ್) ಬಿಟ್ಟಾಗ ಆ ವೈರಿಗೆ ಆಸಿಲೋಸ್ಕೋಪ್ ಹಿಡಿದು ನೋಡಿದೆ. ಹತ್ತಾರು ವೋಲ್ಟ್ ಎತ್ತರದ ಮುಳ್ಳುಗಳು ಸಾಲಾಗಿ ಕಾಣಿಸಿದವು. ಅದನ್ನು ನೇರವಾಗಿ ಪಿನ್ನಿಗೆ ಕೊಡೋ ಧೈರ್ಯ ಯಾರಿಗಿದೆ?

ಈ ಚಿಪ್ಪಿನ ಡೇಟಾಶೀಟ್ ಹೇಳುವುದು ಇಷ್ಟು: ರೀಸೆಟ್ ಬಿಟ್ಟು ಬೇರೆ ಯಾವುದೇ ಪಿನ್ನಿನ ವೋಲ್ಟೇಜ್ ಮೈನಸ್ 0.5ಕ್ಕಿಂತ ಕೆಳಗೆ ಹೋಗಬಾರದು, ವಿಸಿಸಿಗಿಂತ (ಚಿಪ್ಪಿಗೆ ಕೊಡುವ ಪವರ್, ನನ್ನ ಬೋರ್ಡಿನಲ್ಲಿ 5 ವೋಲ್ಟ್) 0.5 ವೋಲ್ಟ್‌ಗೂ ಜಾಸ್ತಿ ಮೇಲೆ ಹೋಗಬಾರದು. ಪಿನ್ ಒಂದಕ್ಕೆ 40 ಮಿಲಿಆ್ಯಂಪ್. ಇದು ಕೆಲಸ ಮಾಡುವ ಮಿತಿಯಲ್ಲ, ಹಾಳಾಗುವ ಮಿತಿ. ಇದನ್ನು ನೋಡಿ ಬರೇ ವೋಲ್ಟೇಜ್ ತಡೆಯೋ ದಾರಿ ಹುಡುಕುವವರೇ ಜಾಸ್ತಿ. ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಕರೆಂಟ್ ಎಷ್ಟು ಬರುತ್ತೆ, ಬಂದದ್ದು ಎಲ್ಲಿಗೆ ಹೋಗುತ್ತೆ?

ಪ್ರತಿ ಪಿನ್ನಿನ ಒಳಗೂ ಎರಡು ಪುಟ್ಟ ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲುಗಳು, ಇವೆ. ಒಂದು ವಿಸಿಸಿ ಕಡೆಗೆ, ಇನ್ನೊಂದು ಗ್ರೌಂಡ್ ಕಡೆಗೆ. ವೋಲ್ಟೇಜ್ ಮಿತಿ ದಾಟಿದ ಕೂಡಲೇ ಅವು ತೆರೆದುಕೊಂಡು ಕರೆಂಟನ್ನು ಪಕ್ಕಕ್ಕೆ ಬಿಡುತ್ತವೆ. ಅಟ್ಮೆಲ್ ಕಂಪನಿಯ ಎವಿಆರ್182 ಎಂಬ ಅಪ್ಲಿಕೇಶನ್ ನೋಟ್‌ನಲ್ಲಿ 1 ಮೆಗಾಓಮ್ ರೆಸಿಸ್ಟರ್ ಹಾಕಿ ಮನೆಯ ಕರೆಂಟನ್ನೇ ಪಿನ್ನಿಗೆ ಕೊಟ್ಟಿದ್ದಾರೆ! ಆದರೆ ಅದರಲ್ಲೇ ಎಚ್ಚರಿಕೆಯೂ ಇದೆ: ಆ ಡಯೋಡ್‌ಗಳಲ್ಲಿ 1 ಮಿಲಿಆ್ಯಂಪ್‌ಗಿಂತ ಜಾಸ್ತಿ ಹರಿಸಬೇಡಿ. ನನ್ನ ಲೆಕ್ಕಕ್ಕೆ ಈ 1 ಮಿಲಿಆ್ಯಂಪೇ ಆಧಾರ. 24 ವೋಲ್ಟ್ ತಪ್ಪಿ ಬಂದರೆ 5.5 (ವಿಸಿಸಿಯ 5, ಡಯೋಡಿನ 0.5) ಕಳೆದು ಉಳಿಯೋದು 18.5. 22 ಕಿಲೋಓಮ್ ಇದ್ದರೆ ಹರಿಯೋದು 0.84 ಮಿಲಿಆ್ಯಂಪ್. ಸಾಕು. ಒಂದು ರೂಪಾಯಿಯೂ ಆಗದ ರೆಸಿಸ್ಟರ್ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿಸಿತು, ಅಲ್ವಾ?

ಉಳಿದದ್ದು ಎರಡನೇ ಪ್ರಶ್ನೆ. ಕೆರೆ ಕೋಡಿ ಬಿದ್ದರೆ ಆ ನೀರು ಹೋಗೋಕೆ ಹಳ್ಳ ಬೇಕು. ಡಯೋಡ್ ಮೂಲಕ ವಿಸಿಸಿಗೆ ಹೋದ ಕರೆಂಟಿಗೂ ಹಾಗೇ. 7805 ತರಹದ ರೆಗ್ಯುಲೇಟರ್ ಕರೆಂಟ್ ಕೊಡುತ್ತದೆಯೇ ಹೊರತು ವಾಪಸ್ ತೆಗೆದುಕೊಳ್ಳೋದಿಲ್ಲ. ಚಿಪ್ ಸ್ಲೀಪ್‌ನಲ್ಲಿದ್ದಾಗ ಕೆಲವೇ ಮೈಕ್ರೋಆ್ಯಂಪ್ ತಿನ್ನುತ್ತದೆ. ಆಗ ಪಿನ್ನಿನಿಂದ ಒಂದು ಮಿಲಿಆ್ಯಂಪ್ ಬಂದರೂ 5 ವೋಲ್ಟ್ ಲೈನೇ ನಿಧಾನಕ್ಕೆ ಮೇಲೇರುತ್ತದೆ, ಬೋರ್ಡಿನ ಮೇಲಿರುವುದೆಲ್ಲಾ ಅದರ ಜೊತೆ ಏರುತ್ತದೆ. ಅದಕ್ಕೇ ನನ್ನ ಬೋರ್ಡಿನಲ್ಲಿ 5 ವೋಲ್ಟ್ ಲೈನಿಗೆ ಯಾವಾಗಲೂ ಉರಿಯುವ ಒಂದು ಎಲ್‌ಇಡಿ ಇದೆ, ಜೊತೆಗೆ 5.6 ವೋಲ್ಟ್‌ನ 1ಎನ್4734ಎ ಝೀನರ್ (ಅಷ್ಟು ವೋಲ್ಟ್ ಮುಟ್ಟಿದಾಗ ಕರೆಂಟ್ ಬಿಡುವ ಡಯೋಡ್) ಇದೆ. ಹೆಚ್ಚಾದದ್ದು ಅಲ್ಲಿ ಹರಿದು ಹೋಗುತ್ತದೆ.

ಇದನ್ನು ಕಣ್ಣಾರೆ ನೋಡಬೇಕಿದ್ದರೆ ಸುಲಭ. ರೆಸಿಸ್ಟರ್ ಇಲ್ಲದ ಹಳೇ ಬೋರ್ಡ್ ತೆಗೆದುಕೊಳ್ಳಿ. ಅದರ ಪವರ್ ತೆಗೆದು, ಬೇರೆ ಸಪ್ಲೈನಿಂದ ಸಿಗ್ನಲ್ ಮಾತ್ರ ಪಿನ್ನಿಗೆ ಕೊಡಿ. ಪವರ್ ಎಲ್‌ಇಡಿ ಮಂಕಾಗಿ ಉರಿಯುತ್ತಿರುತ್ತದೆ, ಚಿಪ್ ಅರ್ಧ ಎಚ್ಚರದಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಕೋಡ್ ಏನು ಮಾಡುತ್ತೆ ಅಂತ ಹೇಳೋಕಾಗಲ್ಲ. ಆ ಕರೆಂಟೆಲ್ಲಾ ಒಂದು ಪುಟ್ಟ ಡಯೋಡ್ ಮೂಲಕವೇ ಹೋಗುತ್ತಿರುತ್ತದೆ.

ನೀರು ಬರುತ್ತಿದೆಯಾ ಅಂತ ನೋಡುವ ಫ್ಲೋ ಸೆನ್ಸರ್ ಪಂಪ್ ಮನೆಯೊಳಗೇ ಇದೆ, ವೈರ್ ಗಿಡ್ಡ. ಅದಕ್ಕೆ ಹೀಗೆ ಮಾಡಿದೆ: ಟರ್ಮಿನಲ್‌ನಿಂದ 10 ಕಿಲೋಓಮ್, ಆಮೇಲೆ ಗ್ರೌಂಡಿಗೆ 10 ನ್ಯಾನೋಫ್ಯಾರಡ್ ಕೆಪಾಸಿಟರ್, ಅಲ್ಲೇ ಬಿಎಟಿ54ಎಸ್, ಮತ್ತೆ 1 ಕಿಲೋಓಮ್, ಕೊನೆಗೆ ಪಿನ್. ಬಿಎಟಿ54ಎಸ್ ಅಂದರೆ ಒಂದೇ ಪ್ಯಾಕೇಜಿನಲ್ಲಿ ಎರಡು ಶಾಟ್ಕಿ ಡಯೋಡ್, ಕಡಿಮೆ ವೋಲ್ಟೇಜಿಗೇ ತೆರೆಯುವ ಜಾತಿ. 1 ಮಿಲಿಆ್ಯಂಪ್ ಹರಿಯುವಾಗ ಅದರ ಮೇಲೆ ಹೆಚ್ಚೆಂದರೆ 0.32 ವೋಲ್ಟ್ ನಿಲ್ಲುತ್ತದೆ. ಹಾಗಾಗಿ ಒಳಗಿನ ಡಯೋಡ್ ತೆರೆಯುವ ಮೊದಲೇ ಇದು ತೆರೆದುಕೊಳ್ಳುತ್ತದೆ. ನಡುವಿನ 1 ಕಿಲೋಓಮ್ ಬಿಡಬೇಡಿ. ಅದಿದ್ದರೆ ಹೊರಗೆ 1ಎನ್4148 ಹಾಕಿದರೂ ನಡೆಯುತ್ತದೆ. ಒಂದೇ ಮಾತು, ಶಾಟ್ಕಿ ಬಿಸಿಗೆ ಸೋರುತ್ತದೆ. ಏಪ್ರಿಲ್‌ನಲ್ಲಿ ಶೀಟ್ ಮಾಡಿನ ಪಂಪ್ ಮನೆ ಎಷ್ಟು ಕಾಯುತ್ತೆ ಅಂತ ಗೊತ್ತಲ್ಲ. ಡಿಜಿಟಲ್ ಪಿನ್ನಿಗೆ ತೊಂದರೆಯಿಲ್ಲ, ಅನಲಾಗ್ ಆದರೆ ರೀಡಿಂಗ್ ಜರುಗುತ್ತದೆ.

ಬ್ಯಾಟರಿ ವೋಲ್ಟೇಜ್ ಓದುವ ಅನಲಾಗ್ ಪಿನ್ನಿಗೆ ಅದಕ್ಕೇ ಡಯೋಡ್ ಹಾಕಲಿಲ್ಲ. ಮೇಲೆ 100 ಕಿಲೋಓಮ್, ಕೆಳಗೆ 33 ಕಿಲೋಓಮ್. 14.4 ವೋಲ್ಟ್ ಬಂದರೆ ಪಿನ್ನಿನಲ್ಲಿ 3.57. ತಪ್ಪಿ 60 ವೋಲ್ಟ್ ಬಂದರೂ ಪಿನ್ನಿಗೆ ಅರ್ಧ ಮಿಲಿಆ್ಯಂಪ್ ಕೂಡ ಹೋಗೋದಿಲ್ಲ. ವೋಲ್ಟೇಜನ್ನು ಹಂಚುವ ಈ ಜೋಡಿ, ಅಂದರೆ ಡಿವೈಡರ್ರೇ ಕಾವಲು. ಎಡಿಸಿಗೆ (ವೋಲ್ಟೇಜನ್ನು ಅಂಕಿಯಾಗಿ ಓದುವ ಚಿಪ್ಪಿನ ಭಾಗ) 10 ಕಿಲೋಓಮ್ ಒಳಗಿನ ಸೋರ್ಸ್ ಬೇಕಾದ್ದರಿಂದ ಪಿನ್ನಿನ ಹತ್ತಿರ 100 ನ್ಯಾನೋಫ್ಯಾರಡ್ ಹಾಕಿದ್ದೇನೆ.

ಪಿನ್ನಿಗೆ ಸುಮ್ನೆ ಒಂದು 5.1 ವೋಲ್ಟ್ ಝೀನರ್ ಹಾಕಿ ಅನ್ನುವ ಸಲಹೆ ತುಂಬಾ ಸಿಗುತ್ತದೆ. ನನಗೆ ಅದು ಹಿಡಿಸಲ್ಲ. ಅರ್ಧ ವ್ಯಾಟ್‌ನ ಝೀನರಿಗೆ 5.1 ಅಂತ ಬರೆಯೋದು ಸಾಮಾನ್ಯವಾಗಿ 5 ಮಿಲಿಆ್ಯಂಪ್ ಹರಿಸಿ ಅಳೆದಾಗ. ಕರೆಂಟ್ ಕಡಿಮೆಯಿದ್ದರೆ ಅದು ಇನ್ನೂ ಕೆಳಗೇ ಮೆಲ್ಲಗೆ ಸೋರಲು ಶುರು ಮಾಡುತ್ತದೆ. 3.3 ವೋಲ್ಟ್ ಝೀನರ್ ಇನ್ನೂ ಕೆಟ್ಟದು. ಇಎಸ್‌ಪಿ32 ಚಿಪ್ ಬಳಸುವವರು ಇದನ್ನು ನೆನಪಿಡಿ. ಅದರ ಪಿನ್‌ಗಳು 3.3 ವೋಲ್ಟ್‌ನವು, 5 ವೋಲ್ಟ್ ಸೆನ್ಸರ್ ಇದ್ದರೆ ಎರಡು ರೆಸಿಸ್ಟರ್‌ನ ಡಿವೈಡರ್ ಹಾಕೋದೇ ಒಳ್ಳೆಯದು.

ಈಗ ಉದ್ದದ ವೈರ್. ಇಲ್ಲಿ ರೆಸಿಸ್ಟರ್, ಡಯೋಡ್ ನಂಬಿ ಕೂರಲಿಲ್ಲ. ಫ್ಲೋಟ್ ಸ್ವಿಚ್‌ಗೆ ಇನ್ನೊಂದು ಬೇಡಿಕೆಯೂ ಇದೆ: ಕಾಂಟ್ಯಾಕ್ಟ್ ಮೇಲೆ ಕಟ್ಟಿದ ಕಿಲುಬು ದಾಟೋಕೆ ಒಂದಿಷ್ಟು ಮಿಲಿಆ್ಯಂಪ್ ಹರಿಯಬೇಕು. ಚಿಪ್ಪಿನ ಒಳಗಿನ ಪುಲ್‌ಅಪ್ (ಪಿನ್ನನ್ನು ವಿಸಿಸಿ ಕಡೆಗೆ ಎಳೆದಿಡುವ ರೆಸಿಸ್ಟರ್) ಕೊಡುವ ಚೂರು ಕರೆಂಟ್ ಸಾಲದು. ಹಾಗಾಗಿ 12 ವೋಲ್ಟ್ ಕಳಿಸಿ, 2.2 ಕಿಲೋಓಮ್ ಮೂಲಕ ಪಿಸಿ817 ಆಪ್ಟೋಕಪ್ಲರ್‌ನ (ವೈರಿನ ಸಂಬಂಧವಿಲ್ಲದೆ ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಭಾಗ) ಎಲ್‌ಇಡಿಗೆ ಕೊಟ್ಟೆ. ಹತ್ತಿರ ಹತ್ತಿರ 5 ಮಿಲಿಆ್ಯಂಪ್. ಆ ಎಲ್‌ಇಡಿ ಉಲ್ಟಾ ವೋಲ್ಟೇಜನ್ನು 6ರವರೆಗೆ ಮಾತ್ರ ತಡೆಯುತ್ತದೆ, ಅದಕ್ಕೆ ಉಲ್ಟಾ ದಿಕ್ಕಿನಲ್ಲಿ ಒಂದು 1ಎನ್4148. ಟರ್ಮಿನಲ್ ಪಕ್ಕದಲ್ಲೇ ಎಸ್‌ಎಂಬಿಜೆ15ಸಿಎ ಟಿವಿಎಸ್ ಡಯೋಡ್, ದಿಢೀರ್ ಬರುವ ವೋಲ್ಟೇಜ್ ಏಟನ್ನು ತಾನು ನುಂಗುವಂಥದ್ದು. ಅದರ ಹೆಸರಿನಲ್ಲಿ 15 ಇದ್ದರೂ ಪೂರ್ತಿ ಏಟು ಬಿದ್ದಾಗ 24.4 ವೋಲ್ಟ್‌ವರೆಗೆ ಬಿಟ್ಟುಕೊಡುತ್ತದೆ. ಟಿವಿಎಸ್ ಒಂದೇ ಪಿನ್ ಕಾಯಲ್ಲ ಅನ್ನೋದು ಇದಕ್ಕೇ.

ಪಿಸಿ817 ಎರಡು ಬದಿಯ ನಡುವೆ 5000 ವೋಲ್ಟ್ ತಡೆಯುತ್ತದೆ, ನಿಜ. ಆದರೆ ಎರಡೂ ಬದಿಗೆ ಒಂದೇ ಅಡಾಪ್ಟರ್, ಒಂದೇ ಗ್ರೌಂಡ್ ಕೊಟ್ಟರೆ ಏನು ಬಂತು? ಎಷ್ಟೋ ರೆಡಿಮೇಡ್ ಮಾಡ್ಯೂಲ್‌ಗಳಲ್ಲಿ ಗ್ರೌಂಡ್ ಸೇರಿಸುವ ಜಂಪರ್ ಹಾಕಿಯೇ ಇರುತ್ತದೆ. ನಾನು ಟ್ಯಾಂಕಿನ ವೈರಿಗೆ ಬೇರೆಯೇ ಪುಟ್ಟ 12 ವೋಲ್ಟ್ ಅಡಾಪ್ಟರ್ ಇಟ್ಟಿದ್ದೇನೆ. ಬೋರ್ಡಿನಲ್ಲಿ ಆಪ್ಟೋ ಕೆಳಗೆ ತಾಮ್ರವೇ ಇಲ್ಲ.

ತ್ರೀ ಫೇಸ್ ಬಂದಿದೆಯಾ ಅಂತ ನೋಡೋಕೂ ಅದೇ ಪಿಸಿ817, ಫೇಸಿಗೆ ಒಂದರಂತೆ. ಅಲ್ಲಿ ಸಾಲಾಗಿ ಮೂರು 68 ಕಿಲೋಓಮ್, ಎಲ್ಲಾ ಅರ್ಧ ವ್ಯಾಟ್. ಒಂದೇ ದೊಡ್ಡ ಬೆಲೆಯ ರೆಸಿಸ್ಟರ್ ಯಾಕೆ ಸಾಲದು ಅಂದರೆ, ರೆಸಿಸ್ಟರಿಗೆ ವೋಲ್ಟೇಜ್ ಮಿತಿಯೂ ಇದೆ. ಕಾಲು ವ್ಯಾಟ್‌ನದಕ್ಕೆ ಸಾಮಾನ್ಯವಾಗಿ 250 ವೋಲ್ಟ್. ನಮ್ಮ ಕಡೆ ನ್ಯೂಟ್ರಲ್ ಕಡಿದು ಹೋಗೋದು ಹೊಸದಲ್ಲ. ಆಗ 230ರ ಜಾಗದಲ್ಲಿ 415ರ ತನಕ ಬರಬಹುದು, ಪೀಕ್ 587. ಮೂರಕ್ಕೆ ಹಂಚಿದರೆ ಒಂದೊಂದರ ಮೇಲೆ 196. ಈ ಭಾಗ ಮುಟ್ಟಿದರೆ ಜೀವಕ್ಕೇ ಅಪಾಯ, ಅದನ್ನು ಬೇರೆ ಪೆಟ್ಟಿಗೆಯಲ್ಲೇ ಮುಚ್ಚಿಟ್ಟಿದ್ದೇನೆ.

ಕಟ್ಟಿದ ಮೇಲೆ ಪರೀಕ್ಷೆ. ಪಿನ್ನಿಗೆ ಸರಣಿಯಲ್ಲಿ ಮಲ್ಟಿಮೀಟರ್ ಇಟ್ಟು ಫ್ಲೋ ಸೆನ್ಸರ್ ಟರ್ಮಿನಲ್‌ಗೆ 24 ವೋಲ್ಟ್ ಕೊಟ್ಟೆ, ಆಮೇಲೆ ಉಲ್ಟಾ ಕೊಟ್ಟೆ. ಎರಡೂ ಸಲ ಪಿನ್ನಿನೊಳಗೆ ಹೋದದ್ದು ಮೈಕ್ರೋಆ್ಯಂಪ್ ಲೆಕ್ಕದಲ್ಲಿ. ನಂತರ ಡಯೋಡ್ ಇಲ್ಲದ ರಿಲೇ ಕಾಯಿಲ್‌ನ ವೈರನ್ನು ಇನ್‌ಪುಟ್ ಕೇಬಲ್ಲಿಗೆ ಸುತ್ತಿ, ರಿಲೇಯನ್ನು ಟಕಟಕ ಆನ್ ಆಫ್ ಮಾಡಿದೆ. ಚಿಪ್ ರೀಸೆಟ್ ಆಗಲಿಲ್ಲ. ಸುಳ್ಳು ಪಲ್ಸ್ ಆಗೊಮ್ಮೆ ಈಗೊಮ್ಮೆ ಬಂದವು, ಅದಕ್ಕೆ ಕೋಡಿನಲ್ಲಿ ತಡೆ ಹಾಕಿದೆ.

ಸಿಡಿಲು ನೇರವಾಗಿ ಬಿದ್ದರೆ ಇದ್ಯಾವುದೂ ಉಳಿಯಲ್ಲ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಟ್ಯಾಂಕಿನ ವೈರ್ ಕಿತ್ತಿಡುತ್ತೇನೆ, ಅದಕ್ಕೆಂದೇ ಪ್ಲಗ್ ಆಗುವ ಟರ್ಮಿನಲ್ ಹಾಕಿದ್ದು. ಚಿಪ್ಪನ್ನು ಬೆಸುಗೆ ಹಾಕದೆ ಸಾಕೆಟ್‌ನಲ್ಲಿ ಕೂರಿಸಿದ್ದೇನೆ. ಕೋಡ್ ತುಂಬಿದ ಇನ್ನೊಂದು ಚಿಪ್ ಪೆಟ್ಟಿಗೆಯ ಮುಚ್ಚಳಕ್ಕೆ ಟೇಪ್ ಹಾಕಿ ಅಂಟಿಸಿದೆ.