ಆಟಿಸಂ ಡೇಟಾ ಹಂಚುವಾಗ: ಕಾಲಂನಲ್ಲಿ ಅಡಗಿ ಕೂತ 8

ಬೇರೆಯವರು ಕೂಡಿಹಾಕಿದ ಆಟಿಸಂ ಡೇಟಾ ಕೈಗೆ ಬಂದಾಗ ನಾನು ಮೊದಲು ತೆರೆಯುವುದು ಕೋಡ್‌ಬುಕ್ಕನ್ನು (ಯಾವ ಸಂಖ್ಯೆಗೆ ಏನು ಅರ್ಥ ಎಂಬ ಪಟ್ಟಿ), ಅಂಕಗಳ ಫೈಲನ್ನಲ್ಲ. ಕೋಡ್‌ಬುಕ್ ಬಂದಿಲ್ಲವೆಂದರೆ ಕೇಳಿ ತರಿಸಿಕೊಳ್ಳುವವರೆಗೆ ಲೆಕ್ಕಕ್ಕೆ ಕೈ ಹಾಕುವುದಿಲ್ಲ. ಅದಕ್ಕೆ ಮುಖ್ಯ ಕಾರಣ ಅಡಾಸ್-2, ಅಂದರೆ ವರ್ತನೆ ಗಮನಿಸಿ ಆಟಿಸಂ ಅಳೆಯುವ ಪರೀಕ್ಷೆ.

ಅಡಾಸ್‌ನಲ್ಲಿ ಪರೀಕ್ಷಕರು ಮಗುವಿನ ವರ್ತನೆ ನೋಡಿ ಒಂದೊಂದು ಅಂಶಕ್ಕೂ ಕೋಡ್ ಹಾಕುತ್ತಾರೆ. ಸಾಮಾನ್ಯವಾಗಿ 0ರಿಂದ 3. ಇದರ ಜೊತೆ 7, 8, 9 ಕೂಡ ಉಂಟು. 8 ಅಂದರೆ ಆ ಅಂಶ ಈ ಮಗುವಿಗೆ ಅನ್ವಯಿಸದು. ದನಿ ಹೊರಡಿಸುವುದೇ ತೀರಾ ಅಪರೂಪವಾದ ಮಗುವಿನ ದನಿಯ ಏರಿಳಿತವನ್ನು ಅಳೆಯುವುದು ಹೇಗೆ? ಅಲ್ಲಿ 8 ಬೀಳುತ್ತದೆ. ಮೊತ್ತ ಹಾಕುವಾಗ 3 ಇದ್ದಲ್ಲಿ 2, ಮತ್ತೆ 7, 8, 9 ಇದ್ದಲ್ಲಿ ಸೊನ್ನೆ ಎಂದು ಬದಲಿಸುವುದು ನಿಯಮ. ಬದಲಿಸಿದ ಮೇಲಿನ ಫೈಲನ್ನಷ್ಟೇ ಹಂಚಿದರೆ, ಅಲ್ಲಿರುವ ಸೊನ್ನೆ 'ತೊಂದರೆ ಇಲ್ಲ' ಎಂಬ ಸೊನ್ನೆಯೋ 8ರಿಂದ ಬಂದದ್ದೋ ಹೇಳಲಾಗದು. ಬದಲಿಸದೆಯೇ ಕೂಡಿದ ಫೈಲೂ ಸಿಗುತ್ತದೆ. ಆಗ ಒಂದೇ ಅಂಶ ಮೊತ್ತವನ್ನು ಎಂಟು ಏರಿಸಿಬಿಟ್ಟಿರುತ್ತದೆ. ಅಬೈಡ್ ಎಂಬ, ಹಲವು ಕೇಂದ್ರಗಳ ಮಿದುಳಿನ ಸ್ಕ್ಯಾನ್‌ಗಳ ಸಂಗ್ರಹದಲ್ಲಿ ಖಾಲಿ ಜಾಗಕ್ಕೆ ಹಾಕುವ -9999 ಸರಾಸರಿ ತೆಗೆದ ಕೂಡಲೇ ಸಿಕ್ಕಿಬೀಳುತ್ತದೆ. 8 ಸಿಕ್ಕಿಬೀಳುವುದಿಲ್ಲ.

ಹೀಗಾಗಿ ಹಂಚುವಾಗ ಬರೀ ಮೊತ್ತ ಕೊಡುವುದಿಲ್ಲ. ಅಂಶವಾರು ಮೂಲ ಕೋಡ್, ಮಾಡ್ಯೂಲ್ (ಮಗುವಿನ ಮಾತಿನ ಮಟ್ಟ, ವಯಸ್ಸಿಗೆ ತಕ್ಕಂತೆ ಆರಿಸುವ ಪರೀಕ್ಷೆಯ ರೂಪ) ಸಂಖ್ಯೆ, ಆವೃತ್ತಿ, ಪರೀಕ್ಷೆಯ ದಿನದ ವಯಸ್ಸು (ತಿಂಗಳಲ್ಲಿ) ನಾಲ್ಕೂ ಇರಬೇಕು. ಮಾಡ್ಯೂಲ್ 1ರ 12 ಬೇರೆ, ಮಾಡ್ಯೂಲ್ 3ರ 12 ಬೇರೆ. ಹೋಲಿಕೆಗೆ ಬರುವುದು 1ರಿಂದ 10ರ ತೀವ್ರತೆಯ ಅಂಕ, ಅದನ್ನು ತೆಗೆಯಲು ವಯಸ್ಸೂ ಮಾಡ್ಯೂಲೂ ಬೇಕೇ ಬೇಕು. ಅಂಶಗಳ ಪದಗಳ ಮೇಲೆ ಪ್ರಕಾಶಕರ ಹಕ್ಕಿದೆ, ಆದ್ದರಿಂದ ಎ1, ಬಿ1 ಎಂಬ ಗುರುತಷ್ಟೇ ಸಾಕು. ಸಾಮಾಜಿಕ ವರ್ತನೆ ಕುರಿತ ಪ್ರಶ್ನಾವಳಿ ಎಸ್‌ಆರ್‌ಎಸ್‌ಗೂ ಇದೇ ಮಾತು: 65 ಪ್ರಶ್ನೆ, ಮೂಲ ಅಂಕ 0ರಿಂದ 195. ಟಿ-ಸ್ಕೋರ್ (ಮೂಲ ಅಂಕವನ್ನು ಸಾಮಾನ್ಯ ಜನರ ಸರಾಸರಿಗೆ ಹೋಲಿಸಿ ಪರಿವರ್ತಿಸಿದ ಅಂಕ) ಲಿಂಗಕ್ಕೆ ತಕ್ಕಂತೆ, ಉತ್ತರಿಸಿದವರು ಪೋಷಕರೋ ಶಿಕ್ಷಕರೋ ಎಂಬುದಕ್ಕೆ ತಕ್ಕಂತೆ ಬದಲಾಗುತ್ತದೆ. ಟಿ-ಸ್ಕೋರ್ ಒಂದೇ ಇದ್ದರೆ ಹಿಂದಕ್ಕೆ ಹೋಗುವ ದಾರಿ ಇಲ್ಲ.

ರೋಗನಿರ್ಣಯದ ಕಾಲಂನಲ್ಲಿ ಆಸ್ಪರ್ಜರ್, ಪಿಡಿಡಿ-ಎನ್‌ಒಎಸ್ ಎಂಬ ಹಳೆಯ ಉಪವಿಧಗಳು ಕಂಡರೆ ಅದು 2013ರ ಡಿಎಸ್‌ಎಂ-5ಕ್ಕೆ (ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿ) ಹಿಂದಿನ ಪದ್ಧತಿ. ಹೊಸ ಕಾಲಂ ಮಾಡಿ ಅಲ್ಲಿ ಆಟಿಸಂ ಎಂದು ಒಂದುಗೂಡಿಸಿ, ಹಳೆಯದನ್ನು ಅಳಿಸಬೇಡಿ.

ಮಿದುಳಿನ ಸ್ಕ್ಯಾನ್‌ಗಳ ಫಜೀತಿ ಬೇರೆಯದೇ. ಅಬೈಡ್‌ನ 2012ರ ಮೊದಲ ಕಂತಿನಲ್ಲಿ 17 ಕೇಂದ್ರಗಳ 1112 ಜನರಿದ್ದಾರೆ, ಅವರಲ್ಲಿ 539 ಮಂದಿಗೆ ಆಟಿಸಂ. ಎಲ್ಲವನ್ನೂ ಕಲಸಿ ಕಲಿಕೆಗೆ, ಪರೀಕ್ಷೆಗೆ ಎಂದು ಯಾದೃಚ್ಛಿಕವಾಗಿ ವಿಂಗಡಿಸಿದರೆ ಕಂಪ್ಯೂಟರ್ ಮಾದರಿ ಆಟಿಸಂ ಬದಲು ಸ್ಕ್ಯಾನರನ್ನೇ ಗುರುತಿಸಲು ಕಲಿಯಬಹುದು. ಒಂದು ಕೇಂದ್ರವನ್ನು ಪೂರ್ತಿ ಹೊರಗಿಟ್ಟು ಅದರ ಮೇಲೆ ಪರೀಕ್ಷಿಸುವುದೇ ಸರಿ. ಇನ್ನು ಸ್ಕ್ಯಾನ್ ವೇಳೆ ತಲೆಯ ಅಲುಗಾಟ. ಸರಾಸರಿ 0.2 ಮಿ.ಮೀ. ಮೀರಿದವರನ್ನೆಲ್ಲ ಕೈಬಿಟ್ಟರೆ ಚಿತ್ರ ಶುಭ್ರವಾಗುತ್ತದೆ ನಿಜ, ಆದರೆ ಹೊರಹೋಗುವವರು ಹೆಚ್ಚಾಗಿ ಚಿಕ್ಕ ಮಕ್ಕಳು, ಹೆಚ್ಚು ನೆರವು ಬೇಕಾದವರು. ಕೈಬಿಟ್ಟವರ ವಯಸ್ಸು, ಐಕ್ಯೂ ಪಟ್ಟಿಯನ್ನು ಫಲಿತಾಂಶದ ಪಕ್ಕದಲ್ಲೇ ಇಡುತ್ತೇನೆ.

ಒಂದೇ ಮಗು ಎರಡು ಅಧ್ಯಯನಗಳಲ್ಲಿ ಇರುವುದೂ ಉಂಟು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ (ಎನ್‌ಐಎಂಎಚ್) ಡೇಟಾ ಆರ್ಕೈವ್ ಇದಕ್ಕೆ ಜಿಯುಐಡಿ ಎಂಬ ಗುರುತು ಬಳಸುತ್ತದೆ: ಹುಟ್ಟಿದಾಗಿನ ಹೆಸರು, ಜನ್ಮದಿನಾಂಕ, ಹುಟ್ಟಿದ ಊರು, ಲಿಂಗ ಇವುಗಳಿಂದ ಗುರುತು ತಯಾರಾಗುತ್ತದೆ, ಈ ವಿವರಗಳು ಮಾತ್ರ ಆಚೆ ಹೋಗುವುದಿಲ್ಲ. ವಿವರಗಳನ್ನು ಜನನ ಪ್ರಮಾಣಪತ್ರ ನೋಡಿಯೇ ತುಂಬಿ. ಕರೆಯುವ ಹೆಸರು ಬರೆದರೆ ಒಂದು ಮಗು ಎರಡಾದೀತು.

ವಿಡಿಯೊಗೆ ಸುಲಭದ ಪರಿಹಾರವಿಲ್ಲ. ಮುಖ ಮಸುಕು ಮಾಡಿದರೆ ನೋಟ, ಮುಖಭಾವ ಎರಡೂ ಹೋಗುತ್ತವೆ, ಅಂದರೆ ಡೇಟಾನೇ ಹೋಯಿತು. ಅಂಕಗಳಿಗೊಂದು, ಸ್ಕ್ಯಾನ್‌ಗೊಂದು, ಜೀನ್ ಮಾಹಿತಿಗೊಂದು, ವಿಡಿಯೊಗೊಂದು ಎಂದು ಒಪ್ಪಿಗೆಯನ್ನು ಬೇರೆ ಬೇರೆ ಕೇಳುತ್ತೇನೆ. ಮುಂದೆ ಒಪ್ಪಿಗೆ ಹಿಂತೆಗೆದುಕೊಂಡರೆ ಹೊಸಬರಿಗೆ ಕೊಡುವುದು ನಿಲ್ಲುತ್ತದೆ, ಆಗಲೇ ಡೌನ್‌ಲೋಡ್ ಆದ ಪ್ರತಿ ವಾಪಸ್ ಬರುವ ಭರವಸೆ ಇಲ್ಲ ಎಂಬ ಸಾಲು ಸಹಿಯ ಜಾಗದ ಮೇಲೆಯೇ ಇರುತ್ತದೆ.