ಈ ಕತೆಯನ್ನು ಯಾರ ಕಣ್ಣಿಂದ ನೋಡುತ್ತಿದ್ದೀರಿ?

ಕಥಾಹಂದರ, ಸಂಘರ್ಷ, ನಿರೂಪಣೆ. ಹೊಸದಾಗಿ ಕತೆ ಬರೆಯುವವರಿಗೆ ಈ ಪದಗಳು ಭಾರ ಅನ್ನಿಸುತ್ತವೆ. ಒಂದು ಪುಟ್ಟ ಕತೆ ಕಟ್ಟುತ್ತಾ ಹೋದರೆ ತಾವಾಗಿಯೇ ಅರ್ಥವಾಗುತ್ತವೆ.

ಮೊದಲು ಎರಡು ಘಟನೆ ಬರೆದುಕೊಳ್ಳಿ. ಅಪ್ಪನ ಗಡಿಯಾರ ಕಳೆಯಿತು. ಆಮೇಲೆ ಮಗ ಮನೆ ಬಿಟ್ಟು ಹೋದ. ಇದು ಬರೀ ಘಟನೆಗಳ ಸಾಲು. ಗಡಿಯಾರ ಕದ್ದವನು ಮಗನೇ, ಸಿಕ್ಕಿಬೀಳುವ ಭಯಕ್ಕೆ ಮನೆ ಬಿಟ್ಟ ಎಂದರೆ ಕಾರಣ ಸೇರಿತು. ಅದೇ ಕಥಾಹಂದರ. ‘ಆಮೇಲೆ’ ಇದ್ದ ಕಡೆ ‘ಅದಕ್ಕೇ’ ಬಂತು. ಇಂಗ್ಲಿಷ್ ಲೇಖಕ ಇ. ಎಂ. ಫಾರ್ಸ್ಟರ್ 1927ರಲ್ಲೇ ಇವೆರಡನ್ನೂ ಬೇರೆ ಮಾಡಿ ತೋರಿಸಿದ್ದರು.

ಸಂಘರ್ಷಕ್ಕೆ ಜಗಳವೇ ಆಗಬೇಕಿಲ್ಲ. ಗಡಿಯಾರ ವಾಪಸ್ ಇಡುವ ಆಸೆ ಮಗನಿಗಿದೆ, ಇಡಲು ಹೋದರೆ ಗುಟ್ಟು ರಟ್ಟಾಗುತ್ತದೆ. ಇಷ್ಟು ಸಾಕು.

ಈಗ ಮುಖ್ಯ ಪ್ರಶ್ನೆ: ಈ ಕತೆ ಹೇಳುವವರು ಯಾರು? ನನ್ನ ಪ್ರಕಾರ ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ. ಮಗ ‘ನಾನು’ ಎಂದು ಹೇಳಿದರೆ ಅದು ಉತ್ತಮ ಪುರುಷ ನಿರೂಪಣೆ. ‘ಅವನು’ ಎಂದರೆ ಪ್ರಥಮ ಪುರುಷ. ಫಸ್ಟ್ ಪರ್ಸನ್ ಅಂದರೆ ಪ್ರಥಮ ಪುರುಷ ಎಂದುಕೊಳ್ಳುವವರು ಜಾಸ್ತಿ. ನಮ್ಮ ವ್ಯಾಕರಣದಲ್ಲಿ ಲೆಕ್ಕ ಉಲ್ಟಾ, ನೆನಪಿರಲಿ.

ಮಗನೇ ಹೇಳಿದರೆ ಕಳ್ಳತನ ಓದುಗರಿಗೆ ಮೊದಲೇ ಗೊತ್ತು. ಸಿಕ್ಕಿಬೀಳುತ್ತಾನಾ ಎಂಬುದೇ ಕುತೂಹಲ. ಪುಟ್ಟ ತಂಗಿ ಹೇಳಿದರೆ? ಅಣ್ಣ ಜೇಬಿನಿಂದ ಕೈ ತೆಗೆಯುತ್ತಿಲ್ಲ ಎಂಬುದಷ್ಟೇ ಅವಳಿಗೆ ಕಾಣುತ್ತದೆ. ಅವಳಿಗೆ ತಿಳಿಯದ್ದು ನಮಗೆ ತಿಳಿದುಬಿಡುತ್ತದೆ. ನಾನಾದರೆ ತಂಗಿಯನ್ನೇ ಆರಿಸಿಕೊಳ್ಳುತ್ತೇನೆ.

ಆರಿಸಿಕೊಂಡ ಮೇಲೆ ಆ ಕಣ್ಣನ್ನು ಬಿಡಬೇಡಿ. ಅವಳು ನಿದ್ದೆಯಲ್ಲಿದ್ದಾಗ ‘ಅಣ್ಣ ಅತ್ತ’ ಎಂದು ಬರೆದರೆ ಎಡವಿದಿರಿ. ‘ಅಣ್ಣ ರಾತ್ರಿಯೆಲ್ಲ ಅತ್ತನಂತೆ’ ಎನ್ನಿ. ಅವಳು ನೋಡಿಲ್ಲ, ಯಾರೋ ಹೇಳಿದ್ದು ಎಂಬುದು ಆ ‘ಅಂತೆ’ಯಲ್ಲೇ ಬಂತು. ಕನ್ನಡದಲ್ಲಿ ಇಷ್ಟು ಚೆಂದದ ಸಲಕರಣೆ ಇರುವಾಗ ಸುಮ್ನೆ ಬಿಡುವುದೇಕೆ, ಅಲ್ವಾ?

‘ಹೇಳಬೇಡಿ, ತೋರಿಸಿ’ ಎನ್ನುತ್ತಾರೆ. ಎಲ್ಲವನ್ನೂ ತೋರಿಸಲು ಹೋದರೆ ಕತೆ ಮುಂದೆ ಸಾಗುವುದಿಲ್ಲ. ಅಣ್ಣ ಬಸ್ಸು ಹತ್ತಿದ್ದು ಒಂದೇ ಸಾಲಿನಲ್ಲಿ ಮುಗಿಯಲಿ. ಗಡಿಯಾರ ಇಡಲು ಬಂದ ರಾತ್ರಿಯನ್ನು ಮಾತ್ರ ದೃಶ್ಯವಾಗಿ ಬರೆಯಿರಿ. ತಂಗಿ ಕಣ್ಣು ಮುಚ್ಚಿ ಮಲಗಿದ್ದಾಳೆ. ಕಪಾಟು ಕಿರ್ರೆನ್ನುತ್ತದೆ. ಪಕ್ಕದ ಕೋಣೆಯಲ್ಲಿ ಅಪ್ಪ ಕೆಮ್ಮುತ್ತಾರೆ. ಕಪಾಟಿನ ಸದ್ದು ನಿಲ್ಲುತ್ತದೆ.

ಕರಡು ಮುಗಿದ ಮೇಲೆ ಪ್ರತಿ ಪ್ಯಾರಾದ ಪಕ್ಕ, ಅಲ್ಲಿ ನೋಡುತ್ತಿರುವುದು ಯಾರು ಎಂದು ಪೆನ್ಸಿಲಿನಲ್ಲಿ ಬರೆಯಿರಿ. ತಂಗಿಯ ಹೆಸರಿನ ಬದಲು ಬೇರೆ ಹೆಸರು ಬಂದ ಕಡೆಯಿಂದ ತಿದ್ದಲು ಶುರು ಮಾಡಿ.